ಕಾಫಿ ಸೀಮೆಯಲ್ಲಿ ಅರ್ಹ ಫಿಸಿಯೋಥೆರಪಿಸ್ಟರನ್ನು ಅರಸುವ ಬಗೆ

ಮಂಗಳೂರು, ಮಣಿಪಾಲ, ಹಾಸನ, ಬೆಂಗಳೂರು ಮೊದಲಾದ ಊರುಗಳ ದೊಡ್ಡ ಆಸ್ಪತ್ರೆಗಳಿಂದ ಬಿಡುಗಡೆ ಹೊಂದಿ ಮಲೆನಾಡಿನ ಮನೆಗೆ ಮರಳುವ ರೋಗಿಯ ಕೈಯಲ್ಲಿ ಒಂದು ಚೀಟಿ ಇರುತ್ತದೆ. ಔಷಧಿಗಳ ಹೆಸರು, ಸೇವಿಸಬೇಕಾದ ಹೊತ್ತು, ಪಥ್ಯ, ಮರಳಿ ತೋರಿಸಬೇಕಾದ ದಿನಾಂಕ ಇವೆಲ್ಲ ಮುಗಿದ ಮೇಲೆ ಕಟ್ಟಕಡೆಗೆ ಒಂದು ಸಾಲು: ‘ಫಿಸಿಯೋಥೆರಪಿ ಮುಂದುವರಿಸುವುದು.’ ಔಷಧಿಗಳನ್ನು ಮನೆಯವರು ಅಂದೇ ಸಂಜೆ ಕೊಳ್ಳುತ್ತಾರೆ. ಪಥ್ಯವನ್ನು ಅತ್ತೆ ಸೊಸೆಯರು ಕಟ್ಟುನಿಟ್ಟಾಗಿ ನಡೆಸುತ್ತಾರೆ. ಆ ಕೊನೆಯ ಸಾಲು ಮಾತ್ರ ಚೀಟಿಯಲ್ಲಿಯೇ ಉಳಿಯುತ್ತದೆ. ಎರಡು ಮೂರು ತಿಂಗಳ ಬಳಿಕ ಮೂಳೆಯೇನೋ ಕೂಡಿರುತ್ತದೆ, ಆದರೆ ಮಂಡಿ ಮಡಿಯದು. ಪಾರ್ಶ್ವವಾಯುವಿನಿಂದ ಪ್ರಾಣ ಉಳಿದಿರುತ್ತದೆ, ಆದರೆ ಬಲಗೈ ಎದೆಗೆ ಅಂಟಿಕೊಂಡಂತೆ ಬಿಗಿದಿರುತ್ತದೆ. ಆಗ ಮನೆಯವರು ಹಣೆಯ ಬರಹವನ್ನು ಹಳಿಯುತ್ತಾರೆ. ಹಣೆಯ ಬರಹಕ್ಕಿಂತ ಚೀಟಿಯ ಬರಹವನ್ನು ಮೊದಲು ಓದಬೇಕಾಗಿತ್ತು ಎಂಬುದು ಈ ಲೇಖಕನ ಅನಿಸಿಕೆ.

ಓದಿದವರಿಗೂ ಆ ಸಾಲನ್ನು ಪಾಲಿಸುವುದು ನಮ್ಮ ಸೀಮೆಯಲ್ಲಿ ಸುಲಭವಲ್ಲ ಎಂಬುದನ್ನು ಒಪ್ಪಲೇಬೇಕು. ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಸುಮಾರು 30 ಕಿಲೋಮೀಟರು. ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮಾರ್ಗವಾಗಿ ಕಳಸಕ್ಕೆ ಮತ್ತೆ ಸುಮಾರು 60. ಕಳಸದಿಂದಾಚೆ ತೋಟದ ಮನೆಗಳಿಗೆ ಮಣ್ಣಿನ ದಾರಿ, ಕಾಲುಸಂಕ, ಜೀಪು. ಮಳೆಗಾಲದಲ್ಲಿ ಭದ್ರೆ ಉಕ್ಕಿದರೆ ಕಳಸ ಹೊರನಾಡುಗಳ ನಡುವಣ ಹೆಬ್ಬಾಳೆ ಸೇತುವೆ ನೀರಿನೊಳಗೆ ಮುಳುಗುತ್ತದೆ. 2019ರ ಆಗಸ್ಟಿನ ಮಳೆಯಲ್ಲಿ ಚಾರ್ಮಾಡಿ ಘಟ್ಟದ ರಸ್ತೆ ಹಲವು ಕಡೆ ಕುಸಿದು ಕರಾವಳಿಯ ಆಸ್ಪತ್ರೆಗಳ ದಾರಿಗೆ ಬಹುಕಾಲ ಅಡಚಣೆಯಾಗಿದ್ದುದನ್ನು ನಮ್ಮವರು ಮರೆತಿಲ್ಲ. ವಾರಕ್ಕೆ ಮೂರು ದಿನ ಚಿಕಿತ್ಸೆಗೆ ಬನ್ನಿರೆಂದು ಪಟ್ಟಣದಲ್ಲಿ ಹೇಳುವವರಿಗೆ ಈ ದಾರಿಯ ಅರಿವಿರುವುದಿಲ್ಲ. ಜಿಲ್ಲಾ ಕೇಂದ್ರದಲ್ಲಿ ಫಿಸಿಯೋಥೆರಪಿ ಕೇಂದ್ರಗಳು ದೊರೆಯುತ್ತವೆ; ತಾಲೂಕು ಕೇಂದ್ರಗಳಲ್ಲಿ ವಿರಳ; ಈಚೆಗೆ ಪ್ರತ್ಯೇಕ ತಾಲೂಕಾದ ಕಳಸದ ಕಡೆಗೆ ಹೋದಂತೆ ಮತ್ತೂ ವಿರಳ.

ಅಗತ್ಯವಾದರೋ ಇಲ್ಲಿಯೇ ಹೆಚ್ಚು. ಬೇಸಗೆಯ ಕೊನೆಗೆ ಮರಗಸಿ ಮಾಡಲು ನೆರಳಿನ ಮರವೇರಿದವನು ಕೊಂಬೆಯೊಡನೆ ಕೆಳಗೆ ಬೀಳುತ್ತಾನೆ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸು ಕೊಯ್ಯುವಾಗ ಬಿದಿರಿನ ಏಣಿ ಜಾರುತ್ತದೆ. ಅಡಿಕೆಯ ಕೊನೆಗಾರನದು ಹೇಳಿಕೇಳಿ ಜೀವವನ್ನು ಪಣಕ್ಕಿಟ್ಟ ಕೆಲಸ. ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ ಇಳಿಜಾರಿನಲ್ಲಿ ಬೆನ್ನು ಬಾಗಿಸಿ ದುಡಿದು, ತುಂಬಿದ ಚೀಲ ಹೊತ್ತು ಏರಿದ ಹೆಂಗಸರ ಸೊಂಟ ಮಂಡಿಗಳ ಕಥೆ ಬೇರೆ. ದೊಡ್ಡ ಮನೆಗಳಲ್ಲಿ ಪಾಚಿ ಹಿಡಿದ ಅಂಗಳದಲ್ಲಿಯೋ ಬಚ್ಚಲಿನಲ್ಲಿಯೋ ಜಾರಿ ತೊಡೆಯ ಮೂಳೆ ಮುರಿದುಕೊಳ್ಳುವ ಹಿರಿಯರು ಪ್ರತಿ ಮಳೆಗಾಲದಲ್ಲಿಯೂ ಇದ್ದಾರೆ. ಇನ್ನು ಸಕ್ಕರೆ ಕಾಯಿಲೆಯವರಿಗೆ ಹೆಗಲು ಕಟ್ಟಿಕೊಳ್ಳುವುದು, ರಕ್ತದೊತ್ತಡದವರಿಗೆ ಲಕ್ವ ಹೊಡೆಯುವುದು ಎಲ್ಲ ಊರುಗಳಲ್ಲಿರುವಂತೆ ಇಲ್ಲಿಯೂ ಉಂಟು.

ಮಾಲೀಸಿನಿಂದ ವಿದ್ಯೆಯ ಕಡೆಗೆ

ಫಿಸಿಯೋಥೆರಪಿಯನ್ನು ಕನ್ನಡದಲ್ಲಿ ಭೌತಚಿಕಿತ್ಸೆ ಎನ್ನುತ್ತಾರೆ. ಪದವೇನೋ ಸರಿಯೇ, ಆದರೆ ಕೇಳಿದವರಿಗೆ ಅರ್ಥ ಹೊಳೆಯುವುದಿಲ್ಲ. ಆದುದರಿಂದ ಜನರ ನಾಲಗೆಯ ಮೇಲಿರುವ ಮಾತನ್ನೇ ಇಲ್ಲಿ ಬಳಸಿದೆ. ಔಷಧಿ, ಶಸ್ತ್ರಕ್ರಿಯೆಗಳ ನಂತರ ದೇಹದ ಚಲನೆಯನ್ನು ಮರಳಿ ಗಳಿಸಿಕೊಡುವ ವಿದ್ಯೆ ಅದು. ಅದರ ಮುಖ್ಯ ಸಾಧನ ವ್ಯಾಯಾಮ, ಅಂದರೆ ರೋಗಿಯ ಸ್ವಂತ ಪ್ರಯತ್ನ. ಶಾಖ, ವಿದ್ಯುತ್ತು, ಶಬ್ದತರಂಗಗಳು ಅದಕ್ಕೆ ಒತ್ತಾಸೆಯಾಗಿ ಬರುವಂಥವು.

ನಮ್ಮ ಜನ ಇದನ್ನು ಎಣ್ಣೆ ತಿಕ್ಕುವುದರೊಡನೆ ಒಂದು ಮಾಡಿ ನೋಡುತ್ತಾರೆ. ‘ನಮ್ಮೂರಲ್ಲೇ ಚೆನ್ನಾಗಿ ತಿಕ್ಕುವವರಿದ್ದಾರೆ, ಅಷ್ಟು ದೂರ ಯಾಕೆ?’ ಎಂಬ ಮಾತನ್ನು ಕೇಳದ ಮನೆಯಿಲ್ಲ. ನಮ್ಮ ಪ್ರಾಚೀನ ಶಾಸ್ತ್ರವೇ ಇವೆರಡನ್ನು ಬೇರೆ ಬೇರೆಯಾಗಿ ಇಟ್ಟಿದೆ. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಅಭ್ಯಂಗದ ವಿಚಾರ ಬರುವ ಅಧ್ಯಾಯ ಬೇರೆ, ವ್ಯಾಯಾಮದ ವಿಚಾರ ಬರುವ ಅಧ್ಯಾಯ ಬೇರೆ. ಅಭ್ಯಂಗವನ್ನು ಮತ್ತೊಬ್ಬರು ನಮಗೆ ಮಾಡಬಹುದು. ವ್ಯಾಯಾಮವನ್ನು ನಮ್ಮ ಪರವಾಗಿ ಮತ್ತೊಬ್ಬರು ಮಾಡುವಂತಿಲ್ಲ.

ಸ್ವಾರಸ್ಯವೆಂದರೆ, ಈ ವೃತ್ತಿಗೆ ಅರ್ಹತೆಯ ಮುದ್ರೆ ಬೇಕೆಂಬ ವಿಚಾರ ಹುಟ್ಟಿದ್ದೇ ಮಾಲೀಸಿನ ಗೊಂದಲದಿಂದ. 1894ರಲ್ಲಿ ಲಂಡನ್ ನಗರದಲ್ಲಿ ಮಾಲೀಸಿನ ಹೆಸರಿನಲ್ಲಿ ನಡೆಯುತ್ತಿದ್ದ ಅಕ್ರಮಗಳು ಬಯಲಾಗಿ, ತರಬೇತಿ ಪಡೆದ ದಾದಿಯರಿಗೂ ಕೆಟ್ಟ ಹೆಸರು ಅಂಟತೊಡಗಿತು. ಆಗ ನಾಲ್ವರು ದಾದಿಯರು ಸೇರಿ ತರಬೇತಾದವರದೇ ಒಂದು ಸಂಘ ಕಟ್ಟಿಕೊಂಡರು. ಇಂದು ಬ್ರಿಟನ್ನಿನ ಫಿಸಿಯೋಥೆರಪಿಸ್ಟರ ಸಂಸ್ಥೆಯಾಗಿರುವುದು ಅದೇ. ನಮ್ಮ ದೇಶಕ್ಕೆ ಈ ವಿದ್ಯೆ ಬಂದದ್ದು ಪೋಲಿಯೋದ ನೆವದಿಂದ. 1950ರ ದಶಕದ ಆದಿಯಲ್ಲಿ ಮುಂಬಯಿಯಲ್ಲಿ ಆ ರೋಗ ಮಕ್ಕಳನ್ನು ಕಾಡಿದಾಗ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಮೊದಲ ಶಾಲೆ ಆರಂಭವಾಯಿತು. ಭಾರತೀಯ ಫಿಸಿಯೋಥೆರಪಿಸ್ಟರ ಸಂಘ ಸ್ಥಾಪನೆಯಾದುದು 1955ರಲ್ಲಿ. ಈಗ ನಮ್ಮ ರಾಜ್ಯದಲ್ಲಿಯೇ ಈ ಪದವಿಯನ್ನು ಕಲಿಸುವ ಕಾಲೇಜುಗಳು ಅನೇಕ ಇವೆ. ಮೈಸೂರಿನ ಜೆ.ಎಸ್.ಎಸ್., ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಗಳ ಕಾಲೇಜುಗಳಲ್ಲಿ ನಮ್ಮ ಓದುಗರ ಮನೆಗಳ ಮಕ್ಕಳೂ ಓದಿರಬಹುದು.

‘ಲೈಸೆನ್ಸ್’ ಎಂದರೆ ಏನು?

ಅರ್ಹರನ್ನು ಗುರುತಿಸುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ವೈದ್ಯರಿಗೆ ವೈದ್ಯಕೀಯ ಪರಿಷತ್ತು, ವಕೀಲರಿಗೆ ವಕೀಲರ ಪರಿಷತ್ತು ಹಿಂದಿನಿಂದಲೂ ಇವೆ. ಫಿಸಿಯೋಥೆರಪಿಗೆ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬಹುಕಾಲ ಇರಲೇ ಇಲ್ಲ. ದೆಹಲಿ, ಮಹಾರಾಷ್ಟ್ರಗಳಂಥ ಕೆಲವು ರಾಜ್ಯಗಳು ತಮ್ಮ ಮಟ್ಟಿಗೆ ಶಾಸನ ಮಾಡಿಕೊಂಡಿದ್ದವು. ಉಳಿದ ಕಡೆ ಪದವೀಧರನೂ ಆರು ತಿಂಗಳ ಸರ್ಟಿಫಿಕೇಟಿನವನೂ ಒಂದೇ ಬಗೆಯ ಫಲಕ ತೂಗುಹಾಕಲು ಅಡ್ಡಿಯಿರಲಿಲ್ಲ. 2021ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯರಕ್ಷಣಾ ವೃತ್ತಿಗಳ ಆಯೋಗದ ಅಧಿನಿಯಮ ಈ ಕೊರತೆಯನ್ನು ತುಂಬಲು ಹೊರಟಿದೆ. ಫಿಸಿಯೋಥೆರಪಿಸ್ಟ್ ಎನಿಸಿಕೊಳ್ಳಲು ಕನಿಷ್ಠ ಪದವಿ ಶಿಕ್ಷಣ ಇರಬೇಕೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಅಂಥವರು ಸ್ವತಂತ್ರವಾಗಿಯಾಗಲಿ, ಇತರ ವೈದ್ಯರ ತಂಡದಲ್ಲಾಗಲಿ ವೃತ್ತಿ ನಡೆಸಬಹುದೆಂದೂ ಹೇಳುತ್ತದೆ. ರಾಜ್ಯ ಪರಿಷತ್ತುಗಳಲ್ಲಿ ವೃತ್ತಿಪರರ ನೋಂದಣಿಗೆ ಅದರಲ್ಲಿ ಅವಕಾಶವಿದ್ದು, ಆ ಕಾರ್ಯ ದೇಶದಲ್ಲಿ ಹಂತ ಹಂತವಾಗಿ ಸಾಗಿದೆ.

ಆದುದರಿಂದ ನಾವು ನೋಡಬೇಕಾದ ಮೊದಲ ಗುರುತು ಪದವಿ. ಬಿ.ಪಿ.ಟಿ. ಎಂದರೆ ಫಿಸಿಯೋಥೆರಪಿಯ ಸ್ನಾತಕ ಪದವಿ, ಎಂ.ಪಿ.ಟಿ. ಎಂದರೆ ಸ್ನಾತಕೋತ್ತರ ಪದವಿ. ನಮ್ಮ ರಾಜ್ಯದಲ್ಲಿ ಬಹುತೇಕ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದವು; ಕೆಲವು ಪರಿಗಣಿತ ವಿಶ್ವವಿದ್ಯಾಲಯಗಳಿಗೆ ಸೇರಿವೆ. ಈವರೆಗೆ ಹೊರಬಂದ ಪದವೀಧರರು ನಾಲ್ಕು ವರ್ಷ ಓದಿ ಆರು ತಿಂಗಳು ಆಸ್ಪತ್ರೆಯಲ್ಲಿ ಇಂಟರ್ನಿಗಳಾಗಿ ದುಡಿದವರು. 2025ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಹೊಸ ಪಠ್ಯಕ್ರಮ ಇದನ್ನು ಐದು ವರ್ಷಕ್ಕೆ ಏರಿಸಿದೆ. ಎರಡನೆಯ ಗುರುತು ಪರಿಷತ್ತಿನ ನೋಂದಣಿ. ಮೂರನೆಯದು ಕೇಂದ್ರಕ್ಕೆ ಸಂಬಂಧಿಸಿದುದು: ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ವ್ಯಾಪ್ತಿಗೆ ಫಿಸಿಯೋಥೆರಪಿ ಕೇಂದ್ರಗಳೂ ಬರುತ್ತವೆ. ನೋಂದಣಿ ಪತ್ರವನ್ನೂ ದರಪಟ್ಟಿಯನ್ನೂ ಜನರಿಗೆ ಕಾಣುವಂತೆ ತೂಗುಹಾಕಬೇಕು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡುವ ಹಕ್ಕೂ ನಮಗಿದೆ. ಒಳಹೊಕ್ಕಾಗ ಗೋಡೆಯತ್ತ ಕಣ್ಣು ಹಾಯಿಸುವುದರಲ್ಲಿ ಸಂಕೋಚ ಬೇಡ. ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕ್ ಕೇಳುವ ನಾವು ಮೈಮುಟ್ಟಿ ಚಿಕಿತ್ಸೆ ಮಾಡುವವರ ಅರ್ಹತೆ ಕೇಳಲು ನಾಚುತ್ತೇವೆ. ನಿಜವಾಗಿ ಓದಿದವರು ಆ ಪ್ರಶ್ನೆಗೆ ಬೇಸರಿಸುವುದಿಲ್ಲ.

ಹೆಸರಿನ ಹಿಂದಿನ ‘ಡಾ.’ ಎಂಬ ಅಕ್ಷರದ ಬಗೆಗೂ ಒಂದು ಮಾತು. ಫಿಸಿಯೋಥೆರಪಿಸ್ಟರು ಅದನ್ನು ಬಳಸಬಹುದೇ ಬಾರದೇ ಎಂಬ ವಾದ ಇನ್ನೂ ತಣ್ಣಗಾಗಿಲ್ಲ. 2025ರ ಸೆಪ್ಟೆಂಬರಿನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಬಳಸಬಾರದೆಂದು ಪತ್ರ ಬರೆದು, ಮರುದಿನವೇ ಆ ಪತ್ರವನ್ನು ಹಿಂತೆಗೆದುಕೊಂಡಿತು. ರೋಗಿಯ ಮನೆಯವರಿಗೆ ಈ ವಾದದಿಂದ ಆಗಬೇಕಾದುದೇನೂ ಇಲ್ಲ. ಫಲಕದಲ್ಲಿ ಹೆಸರಿನ ಹಿಂದಿರುವ ಅಕ್ಷರಕ್ಕಿಂತ ಮುಂದಿರುವ ಅಕ್ಷರಗಳನ್ನು ಓದುವುದು ಮೇಲು.

ಎಲ್ಲಿ ವಿಚಾರಿಸಬೇಕು?

ಮೊದಲು ಕೇಳಬೇಕಾದ ಸ್ಥಳ, ರೋಗಿ ಇನ್ನೂ ಮಲಗಿರುವ ಆಸ್ಪತ್ರೆಯೇ. ಬಿಲ್ಲು ಕಟ್ಟಿ ವಾಹನ ಹತ್ತುವ ಗಡಿಬಿಡಿಯಲ್ಲಿ ಇದು ನೆನಪಾಗುವುದಿಲ್ಲ. ಆದ್ದರಿಂದ ಬಿಡುಗಡೆಗೆ ಎರಡು ದಿನ ಮುಂಚೆಯೇ ಅಲ್ಲಿನ ಫಿಸಿಯೋಥೆರಪಿ ವಿಭಾಗಕ್ಕೆ ಹೋಗಬೇಕು. ‘ನಮ್ಮದು ಕಳಸದ ಕಡೆ, ಹತ್ತಿರದಲ್ಲಿ ನಿಮಗೆ ಗೊತ್ತಿರುವ ಪದವೀಧರರು ಯಾರಿದ್ದಾರೆ?’ ಎಂದು ವಿಚಾರಿಸಬೇಕು. ಒಂದೇ ಕಾಲೇಜಿನಲ್ಲಿ ಓದಿದವರು ಒಬ್ಬರನ್ನೊಬ್ಬರು ಬಲ್ಲರು. ಚೀಟಿಯಲ್ಲಿ ಬರಿಯ ‘ಮುಂದುವರಿಸುವುದು’ ಎಂದಿದ್ದರೆ ಸಾಲದು. ಯಾವ ಕೀಲಿಗೆ ಎಷ್ಟು ಚಲನೆ ಕೊಡಬಹುದು, ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು, ಏನು ಮಾಡಬಾರದು ಎಂಬುದನ್ನೆಲ್ಲ ಬರೆಯಿಸಿಕೊಳ್ಳಬೇಕು. ಊರಿನಲ್ಲಿ ಮುಂದೆ ನೋಡುವವರಿಗೆ ಆ ನಾಲ್ಕು ಸಾಲುಗಳೇ ಆಧಾರ.

ಸರ್ಕಾರಿ ವ್ಯವಸ್ಥೆಯನ್ನು ನಮ್ಮ ಮಧ್ಯಮ ವರ್ಗದವರು ಮೊದಲೇ ಬದಿಗೆ ಸರಿಸುತ್ತಾರೆ. ಅದು ಸರಿಯಲ್ಲ. ಚಿಕ್ಕಮಗಳೂರಿನ ಅರಳಗುಪ್ಪೆ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಗೆ ಈಗ ವೈದ್ಯಕೀಯ ಕಾಲೇಜಿನ ಆಸರೆಯಿದೆ. ಹಿರಿಯರ ಆರೋಗ್ಯಕ್ಕಾಗಿ 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು ಜಿಲ್ಲಾ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ಘಟಕ ಇರಬೇಕೆಂದು ಹೇಳುತ್ತದೆ. ಅಲ್ಲಿ ಯಾವ ದಿನ, ಯಾವ ಹೊತ್ತಿಗೆ ನೋಡುತ್ತಾರೆಂಬುದನ್ನು ಮೊದಲೇ ತಿಳಿದು ಹೋದರೆ ಪ್ರಯಾಣ ವ್ಯರ್ಥವಾಗದು. ಮೂಡಿಗೆರೆಯವರು ತಾಲೂಕು ಆಸ್ಪತ್ರೆಯಲ್ಲಿಯೂ ವಿಚಾರಿಸತಕ್ಕದ್ದು. ಕಳಸದವರು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ನಷ್ಟವಿಲ್ಲ. ಯಾವ ಮನೆಗೆ ಯಾರು ಬಂದು ಹೋಗುತ್ತಾರೆಂಬುದು ಆಕೆಗೆ ಗೊತ್ತಿರುತ್ತದೆ.

ಅಂಗವೈಕಲ್ಯವುಳ್ಳ ಮಕ್ಕಳ ತಂದೆತಾಯಿಗಳು ಅರಿಯದ ಒಂದು ಬಾಗಿಲಿದೆ. ಅದು ಆಸ್ಪತ್ರೆಯದಲ್ಲ, ಶಿಕ್ಷಣ ಇಲಾಖೆಯದು. ಸಮಗ್ರ ಶಿಕ್ಷಣ ಯೋಜನೆಯ ಸಮನ್ವಯ ಶಿಕ್ಷಣದಡಿ ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ ಇಂಥ ಮಕ್ಕಳಿಗೆ ಫಿಸಿಯೋಥೆರಪಿ ಕೊಡಿಸುವ ಏರ್ಪಾಡು ಇದೆ. ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಸಂಪನ್ಮೂಲ ಶಿಕ್ಷಕರು ಹೋಗುವುದೂ ಉಂಟು. ಮಗುವಿನ ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿದರೆ ದಾರಿ ತಿಳಿಯುತ್ತದೆ. ಸೆರೆಬ್ರಲ್ ಪಾಲ್ಸಿಯ ಮಗುವನ್ನು ‘ಪೂರ್ವಜನ್ಮದ ಕರ್ಮ’ವೆಂದು ಕೋಣೆಯಲ್ಲಿ ಮಲಗಿಸಿಡುವ ಮನೆಗಳು ಇನ್ನೂ ಇವೆ. ಬೆಳೆಯುವ ಮಗುವಿಗೆ ಕಳೆದ ಪ್ರತಿ ವರ್ಷವೂ ಕೀಲುಗಳ ಬಿಗಿತವಾಗಿ ಉಳಿಯುತ್ತದೆ ಎಂಬುದನ್ನು ಅಂಥ ಮನೆಯ ಹಿರಿಯರಿಗೆ ಯಾರಾದರೂ ತಿಳಿಸಿ ಹೇಳಬೇಕು.

ಹತ್ತಿರದವರ ಮೋಹ

ದೂರದ ಅರ್ಹರಿಗಿಂತ ಹತ್ತಿರದ ಅನರ್ಹರು ಸಲೀಸು. ಮೂಳೆ ಕಟ್ಟುವವರು, ಉಳುಕು ತೆಗೆಯುವವರು, ನರ ಹಿಡಿಯುವವರು ಎಲ್ಲ ಊರಲ್ಲಿಯೂ ಇದ್ದಾರೆ. ಪ್ರವಾಸಿಗರ ಹೋಂಸ್ಟೇಗಳು ಹೆಚ್ಚಿದ ಮೇಲೆ ಮಸಾಜ್ ಫಲಕಗಳೂ ಹೆಚ್ಚಿವೆ. ಇವರೆಲ್ಲರೂ ಮೋಸಗಾರರೆಂದು ಹೇಳುವುದು ಅನ್ಯಾಯವಾದೀತು. ದುಡಿದು ದಣಿದ ಮೈಗೆ ಎಣ್ಣೆ ಹಚ್ಚಿ ತಿಕ್ಕಿ, ಹಂಡೆಯ ಬಿಸಿನೀರು ಹೊಯ್ದರೆ ಹಿತವಾಗುವುದನ್ನು ಯಾರೂ ಅಲ್ಲಗಳೆಯರು. ಆದರೆ ಮುರಿದ ಮುಂಗೈಗೆ ಬಿದಿರಿನ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಿದಾಗ ರಕ್ತ ಸಂಚಾರ ತಡೆದು, ಮಾಂಸಖಂಡ ಸತ್ತು, ಬೆರಳುಗಳು ಪಂಜದಂತೆ ಶಾಶ್ವತವಾಗಿ ಮಡಚಿಕೊಳ್ಳುತ್ತವೆ. ಮೂಳೆ ತಜ್ಞರಿಗೆ ಚೆನ್ನಾಗಿ ಪರಿಚಿತವಾದ ದುರಂತವಿದು. ಕಟ್ಟು ಹಾಕಿದ ಮೇಲೆ ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ, ಬೆರಳನ್ನು ನೇರ ಮಾಡುವಾಗ ತಡೆಯಲಾರದ ನೋವಾದರೆ ಬೆಳಗಾಗುವವರೆಗೆ ಕಾಯಬಾರದು. ಕೆಲವೇ ಗಂಟೆಗಳಲ್ಲಿ ಕೈಯ ಗತಿ ನಿರ್ಣಯವಾಗಿಬಿಡುತ್ತದೆ.

ತಿಕ್ಕಿಸಲೇಬಾರದ ಸಂದರ್ಭಗಳೂ ಇವೆ. ಶಸ್ತ್ರಕ್ರಿಯೆಯ ನಂತರವೋ ಬಹುದಿನ ಮಲಗಿದ್ದ ನಂತರವೋ ಒಂದು ಕಾಲಿನ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರುವ ಸಂಭವವಿದೆ. ತಿಕ್ಕಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಾಪಾಯವಾದೀತು. ಬೆನ್ನುನೋವಿನೊಡನೆ ಮೂತ್ರದ ಹತೋಟಿ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಕಾಲು ಸೋತರೆ ಅದು ಫಿಸಿಯೋಥೆರಪಿಸ್ಟರಿಗೂ ಅಲ್ಲ, ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗುವ ವಿಷಯ. ಅರ್ಹನಾದವನು ಇದನ್ನು ತಾನೇ ಗುರುತಿಸಿ ‘ಇದು ನನ್ನ ಕೈಯಲ್ಲಾಗುವುದಲ್ಲ’ ಎಂದು ಕಳುಹಿಸಿಕೊಡುತ್ತಾನೆ. ಆ ಮಾತನ್ನು ಆಡಬಲ್ಲನೇ ಇಲ್ಲವೇ ಎಂಬುದರಲ್ಲಿ ವಿದ್ಯೆ ಇದ್ದವನಿಗೂ ಇಲ್ಲದವನಿಗೂ ಇರುವ ವ್ಯತ್ಯಾಸ ತಿಳಿಯುತ್ತದೆ.

ಪದವಿ ಇದ್ದ ಮಾತ್ರಕ್ಕೆ ಎಲ್ಲವೂ ಸರಿಯೆಂದೂ ತಿಳಿಯಬೇಕಾಗಿಲ್ಲ. ಕೆಲವು ಕೇಂದ್ರಗಳಲ್ಲಿ ಮೈ ಮುಟ್ಟಿ ನೋಡದೆ, ನಡೆಸಿ ನೋಡದೆ, ಹೋದೊಡನೆ ಮಲಗಿಸಿ ಯಂತ್ರದ ತಂತಿಗಳನ್ನು ಅಂಟಿಸಿ ಕಾಲು ಗಂಟೆ ಬಿಟ್ಟು ಹೋಗುತ್ತಾರೆ. ನಮ್ಮ ಜನರಿಗೆ ಅದೇ ಇಷ್ಟ. ‘ಕರೆಂಟ್ ಕೊಟ್ಟರು’ ಎಂದು ತೃಪ್ತಿಪಡುತ್ತಾರೆ. ಬರಿಯ ವ್ಯಾಯಾಮ ಹೇಳಿಕೊಟ್ಟವರಿಗೆ ‘ಏನೂ ಮಾಡಲಿಲ್ಲ’ ಎಂದು ದೂರುತ್ತಾರೆ. ಹಳೆಯ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲಿ ವ್ಯಾಯಾಮಕ್ಕೂ ತಿಳಿವಳಿಕೆ ಕೊಡುವುದಕ್ಕೂ ಒತ್ತು ಇದೆ. ಸೊಂಟಪಟ್ಟಿ, ಎಳೆತ, ಶಬ್ದತರಂಗದ ಯಂತ್ರ ಇವುಗಳನ್ನು ವಾಡಿಕೆಯಾಗಿ ಬಳಸುವುದು ಬೇಡವೆಂದು ಅದು ಸೂಚಿಸಿದೆ. ಮೊದಲ ಭೇಟಿಯಲ್ಲಿ ಮುಕ್ಕಾಲು ಪಾಲು ಹೊತ್ತನ್ನು ಪ್ರಶ್ನೆ ಕೇಳುವುದಕ್ಕೂ ಅಳೆದು ನೋಡುವುದಕ್ಕೂ ಕಳೆಯುವವರು ಸಿಕ್ಕಿದರೆ ಅವರನ್ನು ಬಿಡಬಾರದು. ಮಂಡಿ ಎಷ್ಟು ಡಿಗ್ರಿ ಮಡಿಯುತ್ತದೆಂದು ಅಳೆದು ಬರೆದಿಟ್ಟುಕೊಳ್ಳದವರು ಮುಂದಿನ ವಾರ ಎಷ್ಟು ಸುಧಾರಿಸಿತೆಂದು ಹೇಗೆ ತಾನೇ ಹೇಳಿಯಾರು?

ಹತ್ತು ಭೇಟಿಯ ಫಲವನ್ನು ಮೂರರಲ್ಲಿ ಪಡೆಯುವುದು

ಕೊಟ್ಟಿಗೆಹಾರದಾಚೆಯವರು ವಾರಕ್ಕೆ ಮೂರು ದಿನ ಚಿಕ್ಕಮಗಳೂರಿಗೆ ಹೋಗುವುದು ಆಗದ ಮಾತು. ಹಾಗೆಂದು ಕೈಬಿಡಬೇಕಾಗಿಲ್ಲ. ಫಿಸಿಯೋಥೆರಪಿಯಲ್ಲಿ ಗುರುವಿನ ಕೆಲಸ ಸ್ವಲ್ಪ, ಶಿಷ್ಯನ ಅಭ್ಯಾಸ ಬಹಳ. ಸಂಸ್ಕೃತ ಪಾಠಶಾಲೆಯಲ್ಲಿ ಗುರುಗಳು ಒಂದು ಸೂತ್ರ ಹೇಳಿಕೊಟ್ಟರೆ ಅದನ್ನು ನೂರು ಸಲ ಆವೃತ್ತಿ ಮಾಡುವುದು ವಿದ್ಯಾರ್ಥಿಯ ಪಾಲಿನದಾಗಿತ್ತು, ಇದೂ ಹಾಗೆಯೇ. ಆದುದರಿಂದ ಹೋಗುವ ಎರಡು ಮೂರು ಭೇಟಿಗಳನ್ನು ಕಲಿಯುವುದಕ್ಕಾಗಿ ಬಳಸಿಕೊಳ್ಳಬೇಕು. ರೋಗಿಯ ಜೊತೆ ಹೋಗುವವರು ಕಾರು ಓಡಿಸುವ ಮಗನಾಗಿರುತ್ತಾನೆ, ಮನೆಯಲ್ಲಿ ದಿನವೂ ನೋಡಿಕೊಳ್ಳುವವಳು ಸೊಸೆಯೋ ಮಗಳೋ ಆಗಿರುತ್ತಾಳೆ. ಹೋಗಬೇಕಾದವಳು ಅವಳು. ಆಕೆ ಚಿಕಿತ್ಸಕರ ಎದುರಿಗೆ ತಾನೇ ಒಮ್ಮೆ ಮಾಡಿ ತೋರಿಸಿ, ತಪ್ಪಿದ್ದರೆ ತಿದ್ದಿಸಿಕೊಳ್ಳಬೇಕು. ಚಿಕಿತ್ಸಕರು ಒಪ್ಪಿದರೆ ಆ ಕ್ರಮವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಬಹುದು. ಯಾರದೋ ಮೈಗೆ ಯಾರೋ ಹೇಳಿದ ವ್ಯಾಯಾಮವನ್ನು ಯೂಟ್ಯೂಬಿನಲ್ಲಿ ನೋಡಿ ಮಾಡಿಸುವುದಕ್ಕೂ ಇದಕ್ಕೂ ಅಜಗಜಾಂತರವಿದೆ. ಮುಂದೆ ಎರಡು ವಾರಕ್ಕೊಮ್ಮೆ ಫೋನಿನಲ್ಲಿಯೇ ತೋರಿಸಿ ಸಲಹೆ ಪಡೆಯಲು ಅನೇಕರು ಒಪ್ಪುತ್ತಾರೆ; ಆದರೆ ಮೊದಲ ಪರೀಕ್ಷೆ ಮಾತ್ರ ಮುಖಾಮುಖಿಯಾಗಿಯೇ ನಡೆಯಬೇಕು.

ಮನೆಯ ವಿವರವನ್ನು ನಾವೇ ಹೇಳಬೇಕು. ಜಗುಲಿಗೆ ಎಷ್ಟು ಮೆಟ್ಟಿಲು, ಪಾಯಿಖಾನೆ ಕುಕ್ಕರುಗಾಲಿನದೋ ಕುರ್ಚಿಯದೋ, ಬಚ್ಚಲು ಮನೆಯೊಳಗೋ ಹೊರಗೋ, ಅಂಗಳದಲ್ಲಿ ಪಾಚಿ ಎಷ್ಟು ತಿಂಗಳು ಇರುತ್ತದೆ, ಇವೆಲ್ಲ ಚಿಕಿತ್ಸೆಯ ಅಂಗವೇ. ತೊಡೆಯ ಮೂಳೆಗೆ ಶಸ್ತ್ರಕ್ರಿಯೆಯಾದ ಅಜ್ಜಿಯನ್ನು ವೈದ್ಯರ ಅನುಮತಿಯೊಡನೆ ಒಂದೆರಡು ದಿನದಲ್ಲಿಯೇ ಎಬ್ಬಿಸಿ ನಿಲ್ಲಿಸುವುದು ಇಂದಿನ ಕ್ರಮ. ‘ಪಾಪ, ಮಲಗಿರಲಿ’ ಎಂಬ ಕರುಣೆಯಿಂದ ನ್ಯುಮೋನಿಯಾ, ಬೆನ್ನಿನ ಹುಣ್ಣು ಬರುತ್ತವೆ.

ಪಾರ್ಶ್ವವಾಯುವಿನ ವಿಚಾರವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ, ಏಕೆಂದರೆ ಹೆಚ್ಚಿನ ಹಾನಿ ಅಲ್ಲಿ ನಡೆಯುತ್ತದೆ. ಮಾತು ತೊದಲಿ, ಮುಖ ಸೊಟ್ಟಗಾಗಿ, ಕೈ ಸೋತೊಡನೆ ಎಣ್ಣೆ ಹುಡುಕುತ್ತಾ ಕೂರದೆ ಆಸ್ಪತ್ರೆಗೆ ಹೊರಡಬೇಕು. ಹೆಪ್ಪು ಕರಗಿಸುವ ಔಷಧಿ ಕೊಡಲು ಇರುವ ಅವಧಿ ನಾಲ್ಕೂವರೆ ಗಂಟೆ; ನಮ್ಮ ದಾರಿಯಲ್ಲಿ ಅದರ ಬಹುಭಾಗ ಪ್ರಯಾಣಕ್ಕೇ ಹೋಗುತ್ತದೆ. ಅಲ್ಲಿಂದ ಮರಳಿದ ಮೇಲೆ ಮೊದಲ ಮೂರು ತಿಂಗಳು ಅತ್ಯಮೂಲ್ಯ. ಕಳೆದುಹೋದ ಚಲನೆ ಮರಳುವ ವೇಗ ಆಗಲೇ ಹೆಚ್ಚು. ಆಮೇಲೆಯೂ ಸುಧಾರಣೆ ನಿಲ್ಲುವುದಿಲ್ಲ, ನಿಧಾನವಾಗುತ್ತದೆ ಅಷ್ಟೇ. ಈ ಕಾಲದಲ್ಲಿ ಸೋತ ಕೈಯನ್ನು ಹಿಡಿದೆಳೆದು ರೋಗಿಯನ್ನು ಎಬ್ಬಿಸಬಾರದು. ಜೀಪಿಗೆ ಹತ್ತಿಸುವಾಗ ಕಂಕುಳಿಗೆ ಕೈಕೊಟ್ಟು ಎತ್ತಲೂಬಾರದು. ಸೋತ ಸ್ನಾಯುಗಳು ಹೆಗಲನ್ನು ಹಿಡಿದಿಟ್ಟುಕೊಳ್ಳಲಾರವಾಗಿ ಕೀಲು ಜಾರಿ, ಮುಂದೆ ತಿಂಗಳುಗಟ್ಟಲೆ ನೋಯುತ್ತದೆ. ತಾನೇ ಹೊರಳಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮರಗಟ್ಟಿದ ಕೈಕಾಲಿಗೆ ಬಿಸಿನೀರಿನ ಚೀಲವಿಟ್ಟರೆ ಸುಡುವುದು ರೋಗಿಗೆ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆಯವರಿಗೂ ಇದೇ ಎಚ್ಚರಿಕೆ. ಇನ್ನು, ಪ್ರೀತಿಯಿಂದ ಎಲ್ಲವನ್ನೂ ತಾವೇ ಮಾಡಿಬಿಡುವ ಮನೆಯವರಿಂದಲೂ ರೋಗಿಗೆ ನಷ್ಟವುಂಟು. ತುತ್ತನ್ನು ಬಾಯಿಗಿಡುವುದಕ್ಕಿಂತ, ಅರ್ಧ ಗಂಟೆ ಹಿಡಿದರೂ ಅವರೇ ಚಮಚ ಎತ್ತುವಂತೆ ಬಿಡುವುದು ಒಳ್ಳೆಯದು.

ಹೆಣ್ಣುಮಕ್ಕಳು ಗಂಡಸರಾದ ಚಿಕಿತ್ಸಕರ ಬಳಿ ಹೋಗಲು ಸಂಕೋಚಪಟ್ಟು ನೋವನ್ನು ನುಂಗಿಕೊಂಡಿರುವುದೂ ಉಂಟು. ಈ ವೃತ್ತಿಯಲ್ಲಿ ಮಹಿಳೆಯರು ಬಹಳ ಇದ್ದಾರೆ, ಅಂಥವರನ್ನೇ ಕೇಳಬಹುದು. ಚಿಕಿತ್ಸೆಯ ವೇಳೆ ಮನೆಯವರೊಬ್ಬರು ಜೊತೆಗಿರುವುದಕ್ಕೆ ಒಳ್ಳೆಯ ಕೇಂದ್ರದವರು ಆಕ್ಷೇಪಿಸುವುದಿಲ್ಲ.

ತೋಟದ ಮಾಲೀಕರಾದ ಓದುಗರಿಗೆ ಒಂದು ಮಾತು ಹೇಳಬೇಕಾಗಿದೆ. ಮರದಿಂದ ಬಿದ್ದ ಕಾರ್ಮಿಕನ ಆಸ್ಪತ್ರೆಯ ಖರ್ಚನ್ನು ಅನೇಕರು ಧಾರಾಳವಾಗಿ ಭರಿಸುತ್ತಾರೆ. ಪ್ಲಾಸ್ಟರು ಬಿಚ್ಚಿದ ದಿನಕ್ಕೆ ಆ ಔದಾರ್ಯ ಮುಗಿಯುತ್ತದೆ. ಲೈನ್ ಮನೆಯಲ್ಲಿ ಕುಳಿತವನಿಗೆ ಚಿಕ್ಕಮಗಳೂರಿನ ಬಸ್ಸು ಎಂದರೆ ಒಂದು ದಿನದ ಕೂಲಿ, ಜೊತೆಗೆ ಬರುವ ಹೆಂಡತಿಯದು ಇನ್ನೊಂದು. ಅವನು ಹೋಗುವುದಿಲ್ಲ. ಮುಂದಿನ ಕೊಯ್ಲಿನ ಹೊತ್ತಿಗೆ ಅವನು ಕುಂಟುತ್ತಿದ್ದರೆ ‘ಸೋಮಾರಿಯಾದ’ ಎಂಬ ಮಾತು ಕೇಳಿಬರುತ್ತದೆ. ಶಸ್ತ್ರಕ್ರಿಯೆಗೆ ಕೊಟ್ಟ ಹಣದ ಮುಂದೆ ನಾಲ್ಕು ಸಲದ ಬಸ್ಸಿನ ಖರ್ಚು ಎಷ್ಟರದು?

ನಮ್ಮ ಸಂಘಗಳು, ಮಠಗಳು, ಬೆಳೆಗಾರರ ಒಕ್ಕೂಟಗಳು ವರ್ಷಕ್ಕೊಮ್ಮೆ ಉಚಿತ ಆರೋಗ್ಯ ಶಿಬಿರ ನಡೆಸುತ್ತವೆ. ಪೆಂಡಾಲು, ಭಾಷಣ, ಸನ್ಮಾನ ಎಲ್ಲವೂ ಇರುತ್ತದೆ. ಕಣ್ಣಿನ ಪೊರೆಗೆ ಒಂದು ದಿನದ ಶಿಬಿರ ಸಾಕಾದೀತು, ಫಿಸಿಯೋಥೆರಪಿಗೆ ಸಾಲದು. ವಾರ ವಾರವೂ ಅದೇ ಕೈ ಬಂದು ಅದೇ ಮಂಡಿಯನ್ನು ಅಳೆದು ನೋಡಬೇಕು. ಅದಕ್ಕೆ ಬೇಕಾದುದು ಬಹಳವಿಲ್ಲ. ಕಳಸದಲ್ಲಿಯೋ ಬಣಕಲ್ಲಿನಲ್ಲಿಯೋ ಸಮುದಾಯ ಭವನದ ಒಂದು ಕೋಣೆ, ಗಟ್ಟಿಯಾದ ಒಂದು ಮಂಚ, ಗೋಡೆಗೆ ಹಿಡಿದು ನಡೆಯುವ ಒಂದು ಕಂಬಿ, ನಾಲ್ಕು ಕುರ್ಚಿ. ಜಿಲ್ಲಾ ಕೇಂದ್ರದಿಂದ ಪದವೀಧರರೊಬ್ಬರು ವಾರಕ್ಕೊಂದು ದಿನ ಬಂದು ಹೋಗುವ ಪ್ರಯಾಣದ ವೆಚ್ಚವನ್ನೂ ಸಂಭಾವನೆಯನ್ನೂ ಹತ್ತು ಮನೆಯವರು ಹಂಚಿಕೊಂಡರೆ ಯಾರಿಗೂ ಹೊರೆಯಾಗದು. ಆ ದಿನ ಸಂತೆಯ ದಿನವೇ ಆದರೆ ಲೈನ್ ಮನೆಯವರೂ ಕೂಲಿ ತಪ್ಪ​ದಂತೆ ಬಂದು ತೋರಿಸಿಕೊಂಡು, ಸಾಮಾನು ಕೊಂಡು ಸಂಜೆಯ ಬಸ್ಸಿಗೆ ಮರಳಬಹುದು.